ಮುನಿಲಕ್ಷ್ಮಮ್ಮನ ನೀಲಿ ಬ್ಯಾಗು

ಮಲ್ಲತ್ತಹಳ್ಳಿ ಕೆರೆಯ ಸುತ್ತಮುತ್ತ ಮುನಿಲಕ್ಷ್ಮಮ್ಮನ ಕೈಗೆ ಸಿಗದ ಮಗುವಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಅವಳದು ಒಂದೇ ಕೆಲಸ, ಬಾಣಂತಿಗೆ ಎಣ್ಣೆನೀರು, ಮಗುವಿಗೆ ಸ್ನಾನ. ಕಾಲು ನೀಡಿ ಕೂತು ಮಗುವನ್ನು ಬೋರಲು ಮಲಗಿಸಿಕೊಂಡಳೆಂದರೆ ಎಂಥ ಅಳುಬುರುಕ ಕೂಸೂ ಎರಡು ಚೊಂಬು ನೀರಿಗೆ ಸುಮ್ಮನಾಗುತ್ತಿತ್ತು. ಎಣ್ಣೆಬೆರಳಲ್ಲಿ ತೀಡಿ ತೀಡಿ ಎಷ್ಟೋ ಚಪ್ಪಟೆ ಮೂಗುಗಳನ್ನು ನೆಟ್ಟಗೆ ಮಾಡಿದ್ದೇನೆಂಬುದು ಅವಳ ಜಂಬ. ಮೂಗು ತಾನಾಗಿಯೇ ಬೆಳೆಯುತ್ತದೆ ಎಂದು ಹೇಳಿದ ಡಾಕ್ಟರೊಬ್ಬರ ಮೂಗನ್ನು ಅವಳು ದುರುಗುಟ್ಟಿ ನೋಡಿದ್ದುಂಟು.

ಇಂಥವಳು ಸ್ವಂತ ಮಗಳ ಚೊಚ್ಚಲ ಬಾಣಂತನಕ್ಕೇ ಇರಲಿಲ್ಲ. ಬಸವೇಶ್ವರನಗರದವರೊಬ್ಬರು ದುಬೈಯಲ್ಲಿದ್ದ ಸೊಸೆಯ ಬಾಣಂತನಕ್ಕೆಂದು ಅವಳನ್ನು ಮೂರು ತಿಂಗಳು ಅಲ್ಲಿಗೆ ಕಳಿಸಿದ್ದರು. ಮಗಳು ವರಲಕ್ಷ್ಮಿಯ ಹೆರಿಗೆಗೆ ಒಂದು ವಾರ ಮೊದಲೇ ವಾಪಸಾಗುವ ಲೆಕ್ಕ ಅವಳದು. ಮಗು ಆ ಲೆಕ್ಕ ಕೇಳಲಿಲ್ಲ, ಒಂದು ತಿಂಗಳು ಮುಂಚೆಯೇ ಹುಟ್ಟಿತು. ತವರಿನಲ್ಲಿ ಆಗಬೇಕಾದ ಬಾಣಂತನ ಹೊಸಹಳ್ಳಿಯ ಅತ್ತೆಮನೆಯಲ್ಲಿ ಶುರುವಾಯಿತು. "ಊರೋರ ಮಕ್ಕಳಿಗೆಲ್ಲ ನೀನಿದೀಯ, ನಂಗಿಲ್ಲ ಬಿಡು," ಎಂದು ಫೋನಿನಲ್ಲಿ ಒಮ್ಮೆ ಹೇಳಿದ ವರಲಕ್ಷ್ಮಿ ಆಮೇಲೆ ತಾಯಿಯ ಹತ್ತಿರ ಮಾತು ಬಿಟ್ಟಳು.

ಅವತ್ತಿನಿಂದ ದುಬೈನ ಮಗು ಮಲಗಿದ ಮಧ್ಯಾಹ್ನಗಳಲ್ಲಿ ಮುನಿಲಕ್ಷ್ಮಮ್ಮ ತನ್ನ ಧಾರೆ ಸೀರೆಯನ್ನು ಕತ್ತರಿಸಿ ಮೊಮ್ಮಗಳಿಗೆ ಒಂದು ಕುಲಾವಿ, ಒಂದು ಮೆತ್ತೆ ಹೊಲಿದಳು. ಮಗಳೆದುರು ಏನು ಹೇಳಬೇಕೆಂದು ತೋಚದಿದ್ದಾಗ, ಕೈಗೆ ಕೊಡಲು ಅಷ್ಟಾದರೂ ಇರಲಿ ಎಂದು.

ಬೆಂಗಳೂರಲ್ಲಿ ಇಳಿದರೆ ಅವನ್ನಿಟ್ಟ ನೀಲಿ ಬ್ಯಾಗೇ ಬರಲಿಲ್ಲ.

"ಮುಂದಿನ ಫ್ಲೈಟಲ್ಲಿ ಬರುತ್ತೆ ಆಂಟಿ, ಮನೆಗೇ ತಂದುಕೊಡ್ತೀವಿ," ಎಂದು ಕೌಂಟರಿನ ಹುಡುಗಿ ಫಾರಂ ತೆಗೆದಳು. "ಒಳಗೇನೇನಿತ್ತು?"

"ಕುಲಾವಿ, ಮೆತ್ತೆ, ನನ್ನ ನಾಲ್ಕು ಸೀರೆ."

"ಬೆಲೆಬಾಳೋದು ಏನಾದ್ರೂ?"

"ಅದನ್ನೇ ಹೇಳ್ತಿರೋದು ಕಣಮ್ಮ!"

ಮನೆ ವಿಳಾಸ ಸರಿಯಾಗಿ ಹೇಳಿದಳು. ಫೋನ್ ನಂಬರು ಕೇಳಿದಾಗ ತಡವರಿಸಿದಳು. ಮೂರು ತಿಂಗಳು ಕರೆನ್ಸಿ ಹಾಕಿಸದೆ ಅವಳ ಸಿಮ್ಮು ಸತ್ತಿತ್ತು. ಗಂಡ ಅಂಜಿನಯ್ಯನ ನಂಬರು ಅವಳಿಗೆ ಯಾವತ್ತೂ ಬಾಯಿಗೆ ಬಂದಿರಲಿಲ್ಲ. ಕಂಠಪಾಠವಾಗಿದ್ದ ಒಂದೇ ನಂಬರನ್ನು ಒದರಿ ಬಂದುಬಿಟ್ಟಳು.

ಮನೆಯಲ್ಲಿ ಒಂದು ದಿನ ಕಾದಳು, ಎರಡು ದಿನ ಕಾದಳು.

"ಮಗು ನಿನ್ನ ಕೈ ನೋಡುತ್ತಾ? ಹೋಗಿ ಬಾರೇ," ಎಂದ ಅಂಜಿನಯ್ಯ.

"ಬರಿಗೈಲಿ ಮಗು ನೋಡಕ್ಕೆ ಹೋಗ್ತಾರಾ? ಅದೂ ಅಜ್ಜಿಯಾದೋಳು! ನಾನು ಬಂದಿರೋದು ಅವಳಿಗೆ ಹೇಳೀಯ, ಜೋಕೆ."

ಬರಿಗೈಯಲ್ಲಿ ಹೋಗಬಾರದೆಂಬುದು ನಿಜವೇ. ಆದರೆ ಅದು ನೆಪ. ಊರಿನ ಬಾಣಂತಿಯರನ್ನೆಲ್ಲ ಗದರಿಸಿ ಮಲಗಿಸುವ ಮುನಿಲಕ್ಷ್ಮಮ್ಮನಿಗೆ ಮಗಳ ಮುಖ ನೋಡಲು ಭಯವಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಆಟೋ ನಿಂತಿತು. ಮೊದಲು ನೀಲಿ ಬ್ಯಾಗು ಇಳಿಯಿತು. ಅದರ ಹಿಂದೆ ಕಿವಿಗೆ ಬಿಗಿಯಾಗಿ ಸ್ಕಾರ್ಫ್ ಸುತ್ತಿಕೊಂಡು, ಮಗುವನ್ನು ಎದೆಗೊತ್ತಿಕೊಂಡ ವರಲಕ್ಷ್ಮಿ ಇಳಿದಳು.

"ಬ್ಯಾಗಿನೋರು ನಂಗೆ ಫೋನ್ ಮಾಡಿದ್ರು. 'ಸೋಮವಾರ ಬಂದ್ರಲ್ಲ, ಮುನಿಲಕ್ಷ್ಮಮ್ಮನೋರು' ಅಂದ್ರು. ನಾನೇ ಹೊಸಹಳ್ಳಿಗೆ ತರಿಸ್ಕೊಂಡೆ," ಎಂದಳು. "ನೀನು ಬ್ಯಾಗಿಗೆ ಕಾಯ್ತಾ ಕೂತಿದೀಯ. ನಾನು ನಿಂಗೆ ಕಾಯ್ತಿದ್ದೆ ಕಣಮ್ಮ."

ಮುನಿಲಕ್ಷ್ಮಮ್ಮ ಗಳಗಳನೆ ಅತ್ತಳು. ವರಲಕ್ಷ್ಮಿ ಮಗುವನ್ನು ತಾಯಿಯ ಕೈಗಿಟ್ಟು, "ಆಮೇಲೆ ಅಳುವೆಯಂತೆ. ಇದಕ್ಕೆ ಇವತ್ತಿನ್ನೂ ನೀರು ಹಾಕಿಲ್ಲ. ಎರಡು ತಿಂಗಳಿಗೆ ಆಗೋಷ್ಟು ಬಟ್ಟೆ ತಂದಿದೀನಿ," ಎಂದಳು.

ಅಂಜಿನಯ್ಯ ಹೇಳಿಸಿಕೊಳ್ಳದೆ ನೀರೊಲೆ ಹಚ್ಚಿದ. ಬಚ್ಚಲಲ್ಲಿ ಕಾಲು ನೀಡಿ ಕೂತ ಮುನಿಲಕ್ಷ್ಮಮ್ಮ ಮೊಮ್ಮಗಳ ಮುಖವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಮೂಗು ನಿಮ್ಮತ್ತೇದು ಕಣೇ. ಸ್ವಲ್ಪ ತಿದ್ದಬೇಕು."

"ತಿದ್ದು. ಅದಕ್ಕೇ ಬಂದಿರೋದು," ಎಂದಳು ವರಲಕ್ಷ್ಮಿ, ಬಾಗಿಲಿಗೆ ಒರಗಿ, ಬಹಳ ದಿನಗಳ ಮೇಲೆ ನಗುತ್ತಾ.

ನೀಲಿ ಬ್ಯಾಗನ್ನು ತೆರೆಯುವುದು ಸಂಜೆಯವರೆಗೆ ಯಾರಿಗೂ ನೆನಪಾಗಲಿಲ್ಲ.