ತಂಗಿಯ ಪಾಲಿನ ಮಾತು

ನನ್ನ ತಂಗಿಗೆ ಏನಾಗಿದೆ ಎಂದು ಮೂರು ಓಣಿಗೆ ಹೇಳಿ ಬಂದವಳು ನಾನು. ಏನಾಗಿದೆ ಎಂದು ಅವಳನ್ನು ಮಾತ್ರ ಕೇಳಲಿಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ತಡಮಾಡಿದರೆ ನನ್ನ ಬಾಯಿ ಬೇರೆ ಕಥೆ ಹಿಡಿದು ಹೊರಟುಬಿಡುತ್ತದೆ.

ಇವತ್ತು ಮುಂಜಾನೆ ಹುಬ್ಬಳ್ಳಿ ಕಮರಿಪೇಟೆಯ ನಮ್ಮ ಪಡಸಾಲೆಯಲ್ಲಿ, ಹೊಸ ಬಟ್ಟೆಯ ಗಂಜಿವಾಸನೆಯ ನಡುವೆ, ಒಬ್ಬ ಹುಡುಗಿಯ ಕುಪ್ಪಸಕ್ಕೆ ಅಳತೆ ತೆಗೆಯುತ್ತಿದ್ದೆ. "ತೋಳು ಎಷ್ಟು ಉದ್ದ ಬೇಕವ್ವಾ?" ಎಂದು ಹುಡುಗಿಯನ್ನು ಕೇಳಿದೆ. "ಮೊಣಕೈತನಕಾ ಇಡ್ರಿ, ಆಕಿಗೆ ಅದ ಸೇರ್ತೈತಿ," ಎಂದಳು ಅವಳ ತಾಯಿ. ಹುಡುಗಿ ತೆರೆದ ಬಾಯಿ ಮುಚ್ಚಿಕೊಂಡಳು. ಆ ಮುಚ್ಚಿದ ಬಾಯಿಯನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಎಲ್ಲೋ ಏನು ಬಂತು, ನನ್ನ ಮನೆಯಲ್ಲೇ, ಮೂವತ್ತು ವರ್ಷ ನೋಡಿದ್ದೇನೆ.

ಅವ್ವ ತೀರಿಕೊಂಡಾಗ ತಂಗಿ ಶೋಭಾಳಿಗೆ ಮೂರು ವರ್ಷ. ನಾನು ಆರನೆಯ ತರಗತಿಗೇ ಶಾಲೆ ಬಿಟ್ಟು ಅವಳನ್ನು ಸೊಂಟಕ್ಕೇರಿಸಿಕೊಂಡೆ. ನಮ್ಮಲ್ಲಿ ಒಂದು ರೂಢಿ ಇದೆ ನೋಡಿ: ಹಿರಿಯರು ಪಕ್ಕದಲ್ಲಿದ್ದಾಗ ಕಿರಿಯರಿಗೆ ಬಾಯಿ ಬೇಕಾಗಿಲ್ಲ. ಶಾಲೆಯಲ್ಲಿ ಹೆಸರು ಹಚ್ಚಿಸುವಾಗ, ಹೊಟ್ಟೆನೋವಿಗೆ ಔಷಧ ತರುವಾಗ, ಎಲ್ಲ ಕಡೆ ಅವಳ ಮಾತು ನಾನೇ ಆಡಿದೆ. ಅವಳಿಗೆ ಬದನೆಕಾಯಿ ಸೇರುವುದಿಲ್ಲ ಎಂದು ಬಳಗಕ್ಕೆಲ್ಲ ಸಾರಿದ್ದೆ. ಬಹಳ ಸೇರುತ್ತದಂತೆ! ಗೊತ್ತಾದದ್ದು ಈಗೀಗ.

ಆ ಶೋಭಾ ಕಲಿತು ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿಯಾದಳು. ಎರಡು ವರ್ಷದ ಹಿಂದೆ ಒಂದು ದಿನ, ತರಗತಿಯ ಮುಂದೆ ನಿಂತವಳಿಗೆ ಮಾತೇ ಹೊರಡಲಿಲ್ಲ. ಮನೆಗೆ ಬಂದು ಗೋಡೆಗೆ ಮುಖಮಾಡಿ ಮಲಗಿದಳು. ಶಾಲೆಗೆ ರಜೆ ಬರೆದುಕೊಟ್ಟಳು. ವಾರ ಕಳೆದ ಮೇಲೆ ಅವಳೇ ಅಂದಳು, "ಅಕ್ಕಾ, ಮಾತಾಡಿಸಿ ಮನಸ್ಸು ಹಗುರ ಮಾಡೋರು ಇರ್ತಾರಂತ. ಹೋಗ್ತೇನಿ."

"ಹೋಗ್ತೇನಿ ಅಲ್ಲ, ಹೋಗೂಣು," ಎಂದೆ. ಮತ್ತೆ ಅದೇ ಹಳೆಯ ತಪ್ಪು.

ಮೊದಲು ಸಿಕ್ಕವರು ಹುಬ್ಬಳ್ಳಿಯಲ್ಲೇ ಒಬ್ಬ ಆಪ್ತಸಮಾಲೋಚಕರು. ಮುಕ್ಕಾಲು ತಾಸು ನಾನು ಹೇಳಿದೆ, ಅವರು ಬರೆದುಕೊಂಡರು. ಹೊರಗೆ ಬಂದು, "ಎಂಥಾ ದೊಡ್ಡ ಮನುಷ್ಯಾ ಅಲ್ಲೇನ? ನಡುವ ಒಂದ ಮಾತ ಆಡಲಿಲ್ಲ!" ಎಂದು ಹೊಗಳಿದೆ. ಶೋಭಾ ಆಟೋಗೆ ಕೈಮಾಡಿದಳು. ಎರಡನೆಯವರು ಧಾರವಾಡದಲ್ಲಿದ್ದರು. ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ, "ಲಗ್ನ ಮಾಡ್ರಿ, ಎಲ್ಲಾ ಸರಿಹೋಗ್ತೈತಿ," ಎಂದರು. ನಾನು ತಲೆಯಾಡಿಸಿದ ಜೋರಿಗೆ ತುರುಬು ಬಿಚ್ಚಿತು. ಬಸ್ಸಿನಲ್ಲಿ ಶೋಭಾ ಕಿಟಕಿಗೆ ಹೇಳಿದ ಹಾಗೆ ಹೇಳಿದಳು: "ಇನ್ನೊಂದ ಸಲ ಅಷ್ಟ ನೋಡ್ತೇನಿ. ಆಗ್ಲಿಲ್ಲಂದ್ರ ಸಾಲಿ ಬಿಟ್ಟಬಿಡ್ತೇನಿ." ಆ ಕೆಲಸ ಅವಳ ಪ್ರಾಣ.

ಮೂರನೆಯವರು ನವನಗರದಲ್ಲಿ, ಒಂದು ಮನೆಯ ಮಹಡಿಯ ಮೇಲೆ. ನನ್ನ ವಯಸ್ಸಿನ ಹೆಂಗಸು, ಕಾಟನ್ ಸೀರೆ. "ಹೇಳ್ರಿ," ಎಂದರು.

"ಇಕಿಗೆ ನಿದ್ದಿ ಇಲ್ರಿ, ಊಟ ಅಂತೂ..."

"ಅಕ್ಕಾರ," ಎಂದು ನಕ್ಕರು ಅವರು. "ಭಾಳ ಛಲೋ ಹೇಳ್ತೀರಿ. ಆದ್ರ ನಿದ್ದಿಗೆಟ್ಟಾಕಿ ನೀವೋ, ಇವರೋ?"

"ಇಕೀನ್ರಿ."

"ಹಂಗಾದ್ರ ನೀವು ಹೊರಗ ಕುಂಡ್ರಬೇಕ್ರಿ. ಬಾಗಲಾ ಹಾಕ್ಕೊಂಡ ಹೋಗ್ರಿ."

ನನ್ನನ್ನು! ಹೊರಗೆ! ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಸುಳ್ಳೇಕೆ, ಕಿವಿಯನ್ನು ಬಾಗಿಲಿನ ಕಡೆಗೇ ಇಟ್ಟಿದ್ದೆ. ಒಳಗೆ ಎಷ್ಟೋ ಹೊತ್ತು ಯಾರದೂ ದನಿಯಿಲ್ಲ. ಬಾಯಿಲ್ಲದ ಹುಡುಗಿ, ನಾನಿಲ್ಲದೆ ಏನು ಹೇಳೀತು ಎಂದು ಎರಡು ಸಲ ಎದ್ದೆ, ಎರಡು ಸಲ ಕೂತೆ. ಆಮೇಲೆ ಸಣ್ಣಗೆ ಅವಳ ದನಿ ಕೇಳಿತು. ನಿಂತಿತು. ಮತ್ತೆ ಬಂತು. ಕಡೆಗೆ ನಗು! ವಾರಗಟ್ಟಲೆ ಕೇಳದ ನಗು. ಖುಷಿಯಾಯಿತು ಅನ್ನುತ್ತೀರಿ. ಆಯಿತು, ಆದರೆ ಅದಕ್ಕಿಂತ ಮೊದಲು ಹೊಟ್ಟೆಕಿಚ್ಚಾಯಿತು.

"ಏನೇನ ಮಾತಾಡಿದ್ರಿ?" ಎಂದೆ, ಮೆಟ್ಟಿಲಿಳಿಯುವಾಗ.

"ಹೇಳಂಗಿಲ್ಲ."

"ನನಗೂ?"

"ನಿನಗ ಅಂತೂ ಹೇಳಂಗಿಲ್ಲ," ಎಂದು ಕಿಸಕ್ಕನೆ ನಕ್ಕು, "ನಡಿ, ಗಿರಮಿಟ್ಟ ತಿನ್ನೂಣು. ಹಸಿವಿ ಆಗೇತಿ. ಇವರ ಇರ್ಲಿ ಅಕ್ಕಾ, ಇವರು ಸುಮ್ನ ಕುಂತ ಕಾಯ್ತಾರ," ಎಂದಳು. ಗಿರಮಿಟ್ಟಿನ ಜೊತೆ ಕೊಟ್ಟ ಮೆಣಸಿನಕಾಯಿ ಕಚ್ಚಿದ ನೆಪದಲ್ಲಿ ನಾನು ಕಣ್ಣೊರೆಸಿಕೊಂಡೆ.

ಆ ವರ್ಷವೆಲ್ಲ ಪ್ರತಿ ಮಂಗಳವಾರ ಹೋದಳು, ಒಬ್ಬಳೇ. ನಾಲ್ಕು ತಿಂಗಳಿಗೆ ಶಾಲೆಗೆ ಮರಳಿದಳು. ಈಗ ನಮ್ಮ ಮನೆಯಲ್ಲಿ ಒಂದು ಕೆಟ್ಟ ಗದ್ದಲ: ಹಾಲಿನವನ ಜೊತೆ ಜಗಳ ಅವಳದೇ, ಉಪ್ಪು ಖಾರ ಸಾಲದೆಂದು ಪಲ್ಯಕ್ಕೆ ಹೆಸರಿಡುವುದೂ ಅವಳೇ. ನಾನು ಮಷಿನ್ನು ತುಳಿಯುತ್ತ ಕೇಳುತ್ತೇನೆ. ಕೇಳುವುದು ಇಷ್ಟು ಸುಖದ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳಲು ನಾನು ಬಿಡಬೇಕಲ್ಲ!

ಆದರೂ ಒಂದು ಮಾತು ನನ್ನಲ್ಲೇ ಉಳಿದಿತ್ತು. ಇವತ್ತು ಸಂಜೆ ಶೋಭಾ ಶಾಲೆಯಿಂದ ಬಂದು ಚಹಾ ಕುಡಿಯುವಾಗ ಎದುರಿಗೆ ಕೂತೆ.

"ಶೋಭಾ, ಒಂದ ಮಾತ ಐತಿ. ನೀ ಏನೂ ಅನ್ಕೊಳಂಗಿಲ್ಲ, ನನಗ ಗೊತ್ತೈತಿ, ನೀ ಇರ್ಲಿ ಬಿಡು ಅಂತಿ..."

"ನೋಡ, ಮತ್ತ ನಂದೂ ನೀನ ಹೇಳಾಕತ್ತಿ!" ಎಂದು ಅವಳು ನಗುವ ರಭಸಕ್ಕೆ ಕಪ್ಪಿನ ಚಹಾ ಬಸಿಗೆ ಚೆಲ್ಲಿತು.

ನಾನೂ ನಕ್ಕೆ. ಆಮೇಲೆ ನನ್ನದನ್ನಷ್ಟೇ ಹೇಳಿದೆ.

"ನಿನ್ನ ಪಾಲಿನ ಮಾತೆಲ್ಲಾ ನಾನ ಆಡಿಬಿಟ್ಟೆ. ಒಮ್ಮಿನೂ ನಿನ್ನ ಕೇಳಲಿಲ್ಲ. ನಂದು ತಪ್ಪಾತು, ತಂಗಿ."