ಬೇಟೆಗಾರನ ಜೋಲಿ, ಬಸಳೆಯ ಚಪ್ಪರ

ಇನ್ನೂರೈವತ್ತು ರಿಯಾಲ್ ಕೊಟ್ಟೆ. ಯಾಕೆ ಕೊಟ್ಟೆ ಎಂದು ಕೇಳಿದರೆ, ಇನ್ನೂರೈವತ್ತಕ್ಕೆ ಆ ಮನುಷ್ಯ ಖಂಡಿತ ಕೊಡುವುದಿಲ್ಲ ಎಂಬ ಧೈರ್ಯದಿಂದ ಕೊಟ್ಟೆ.

ಚೌಕಾಸಿ ಬಲ್ಲವರಿಗೆ ಇಷ್ಟರಲ್ಲೇ ಎಲ್ಲ ಅರ್ಥವಾಗಿರುತ್ತದೆ. ಉಳಿದವರಿಗಾಗಿ ಬಿಡಿಸಿ ಹೇಳುತ್ತೇನೆ. ದೋಹಾದ ಅಲ್ ಮುಂತಜಾದಲ್ಲಿ ನನ್ನದೊಂದು ಹಳೇ ಸಾಮಾನಿನ ಅಂಗಡಿ. ಈ ಊರು ಬಿಟ್ಟು ಹೋಗುವವರ ಸೋಫಾ, ಫ್ರಿಜ್, ಮಂಚಗಳನ್ನು ಕೊಂಡು ಈ ಊರಿಗೆ ಬಂದಿಳಿದವರಿಗೆ ಮಾರುವುದು ನನ್ನ ಕಸುಬು. ಇಲ್ಲಿ ಯಾರೂ ಖಾಯಂ ಅಲ್ಲ, ಹಾಗಾಗಿ ನನ್ನ ವ್ಯಾಪಾರ ಖಾಯಂ. ಒಂದು ದಿನ ಡೇವ್ ಎಂಬ ಅಮೆರಿಕದ ಇಂಜಿನಿಯರನ ಮನೆಗೆ ಊಟದ ಮೇಜು ನೋಡಲು ಹೋದೆ. ಮೇಜಿನ ಕಾಲು ಅಲ್ಲಾಡುತ್ತಿತ್ತು. ಆದರೆ ಗೋಡೆಯ ಮೊಳೆಗೆ ಏನೋ ಒಂದು ತೂಗುತ್ತಿತ್ತು: ಅಗಲವಾದ ಬಲೆಬಟ್ಟೆಯ ಪಟ್ಟಿ, ಅದಕ್ಕೆ ಹಗ್ಗ, ಹಗ್ಗಕ್ಕೆ ಉಕ್ಕಿನ ಕೊಂಡಿಗಳು. "ಕುದುರೆಯ ಜೀನಾ?" ಎಂದು ಕೇಳಿಬಿಟ್ಟೆ. ಅದೇ ತಪ್ಪಾಯಿತು. ಮಾರುವವನ ಮುಖ ಅರಳುವಂಥ ಪ್ರಶ್ನೆಯನ್ನು ಕೊಳ್ಳುವವನು ಎಂದೂ ಕೇಳಬಾರದು.

ಅದು ಕುದುರೆಯದಲ್ಲ, ಮನುಷ್ಯನದು. ಬಿಲ್ಲು ಹಿಡಿದು ಜಿಂಕೆ ಬೇಟೆಯಾಡುವವರು ಮರದಲ್ಲಿ ಕೂರಲು ಬಳಸುವ ಜೋಲಿ. ಡೇವ್ ವರ್ಷಕ್ಕೊಮ್ಮೆ ತನ್ನೂರಿಗೆ ಹೋಗಿ ಬೇಟೆಯಾಡುವವನು. ಅಭ್ಯಾಸ ತಪ್ಪದಿರಲಿ ಎಂದು ಇದನ್ನು ಇಲ್ಲಿಗೂ ತಂದು ಕಾಂಪೌಂಡಿನ ಮರಕ್ಕೆ ಕಟ್ಟಿಕೊಂಡು ತೂಗುತ್ತಿದ್ದನಂತೆ. ಎಂಟುನೂರು ಎಂದ. ಮೇಜಿನ ಕಡೆ ಮಾತು ತಿರುಗಿಸಲು ನಾನು, ಕೇಳಿದವನಿಗೆ ಅವಮಾನವಾಗಲಿ ಎಂದೇ, ಇನ್ನೂರೈವತ್ತು ಎಂದೆ. ಅವನು ಒಂದು ಗಳಿಗೆ ಜೋಲಿಯನ್ನು ನೋಡಿದ, ನನ್ನನ್ನು ನೋಡಿದ, "ಖಲಾಸ್" ಎಂದ. ಅಷ್ಟು ವರ್ಷ ಕತಾರಿನಲ್ಲಿದ್ದು ಆ ಮನುಷ್ಯ ಕಲಿತದ್ದು ಒಂದೇ ಅರಬ್ಬಿ ಪದವಿರಬೇಕು. ಅದನ್ನು ಸರಿಯಾದ ಹೊತ್ತಿಗೆ ಬಳಸಿದ. ನಮ್ಮ ಕಸುಬಿನಲ್ಲಿ ನೀವು ಹೇಳಿದ ಬೆಲೆಗೆ ಎದುರಿನವನು ಒಪ್ಪಿದ ಮೇಲೆ ಹಿಂದೆ ಸರಿಯುವಂತಿಲ್ಲ. ಸರಿದರೆ ಮಾರನೆಯ ದಿನದಿಂದ ನಿಮ್ಮ ಬಾಯಿಗೆ ಬೆಲೆಯಿಲ್ಲ. ಮೇಜು ಅಲ್ಲೇ ಉಳಿಯಿತು, ಜೋಲಿ ನನ್ನ ಹೆಗಲೇರಿತು.

ಬಿನ್ ಮಹಮೂದ್ ಬಡಾವಣೆಯ ನಮ್ಮ ಮನೆಯ ಬಾಗಿಲಲ್ಲಿ ಲಿಲ್ಲಿ ನಿಂತಿದ್ದಳು. ಲಿಲ್ಲಿ ನನ್ನ ಹೆಂಡತಿ.

"ಎಂತ ಸಾವು ಮಾರಾಯ್ರೆ ಇದು? ಮೇಜು ತರ್ತೇನೆ ಅಂತ ಹೋದವರು ಪ್ಯಾರಾಶೂಟ್ ತಂದದ್ದಾ?"

"ಜಿಂಕೆ ಬೇಟೆಯ ಸಾಮಾನು."

"ಒಳ್ಳೆದಾಯ್ತು. ನಾಳೆ ಸಮುದ್ರದ ಬದಿ ಕಾರ್ನಿಶ್‌ನಲ್ಲಿ ಎರಡು ಜಿಂಕೆ ಹೊಡ್ಕೊಂಡು ಬನ್ನಿ, ಸುಕ್ಕ ಮಾಡುವ."

ಅವಳು ನಗಲಿ. ಆದರೆ ಓದುಗರೇ, ಆ ರಾತ್ರಿ ಅದರ ಕೊಂಡಿ, ಗಂಟು, ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ ಕಟ್ಟಿ ನೋಡಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಎಂಥ ಸರಳ ಬುದ್ಧಿ! ಹಿಂದೆ ಈ ಬೇಟೆಗಾರರು ಮರಕ್ಕೆ ಕಬ್ಬಿಣದ ಕುರ್ಚಿ ಬಿಗಿದು ಕೂರುತ್ತಿದ್ದರಂತೆ. ಈಗಲೂ ಬಹಳ ಮಂದಿ ಹಾಗೆಯೇ ಕೂರುತ್ತಾರೆ. ಕುರ್ಚಿ ಭಾರ, ಹೊತ್ತುಕೊಂಡು ಹೋಗುವಾಗ ಗಡಗಡ ಸದ್ದು, ನೆಟ್ಟಗಿರುವ ಮರವೇ ಬೇಕು. ನಮ್ಮ ಕಡೆ ಹಂದಿ ಕಾಯಲು ಕಟ್ಟುತ್ತಿದ್ದ ಅಟ್ಟದ ಅಮೆರಿಕದ ಅಣ್ಣ ಅದು. ಜೋಲಿಯೋ, ಕೈಚೀಲದೊಳಗೆ ಮಡಚಿ ಕೂರುತ್ತದೆ. ಸೊಂಟಕ್ಕೆ ಸುತ್ತಿಕೊಂಡು, ಒಂದು ಹಗ್ಗವನ್ನು ಮರಕ್ಕೆ ಬಳಸಿ ಏರುವುದು. ಮೇಲೆ ತಲುಪಿ ಇನ್ನೊಂದು ಹಗ್ಗವನ್ನು ತಲೆಗಿಂತ ಎತ್ತರದಲ್ಲಿ ಕಾಂಡಕ್ಕೆ ಕಟ್ಟಿ, ಅದಕ್ಕೆ ಜೋತು ಹಿಂದಕ್ಕೆ ಒರಗುವುದು. ಅಷ್ಟೆ, ಕುರ್ಚಿ ತಯಾರು. ಕುರ್ಚಿಯವನು ಮರಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ, ಜೋಲಿಯವನು ಮರಕ್ಕೆ ಮುಖ ಕೊಟ್ಟು ಕೂರುತ್ತಾನೆ. ಜಿಂಕೆ ಬಲಗಡೆ ಬಂದರೆ ಎಡಕ್ಕೆ ಸರಿದು ಕಾಂಡದ ಮರೆಯಲ್ಲಿ ನಿಲ್ಲಬಹುದು. ಹಗ್ಗದ ಗಂಟಂತೂ ಚಮತ್ಕಾರ: ಕೈಯಿಂದ ತಳ್ಳಿದರೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ. ನನ್ನ ಕೆಲವು ಗಿರಾಕಿಗಳ ಸ್ವಭಾವವೂ ಹೀಗೇ ಇರುವುದರಿಂದ ಅದು ತಕ್ಷಣ ತಿಳಿಯಿತು.

ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದ ಶಿವರಾತ್ರಿಯ ಕಥೆ ನೆನಪಾಯಿತು. ಜಿಂಕೆಗಾಗಿ ಬಿಲ್ವದ ಮರವೇರಿ ಕೂತ ಬೇಡ, ನಿದ್ದೆ ಬಂದರೆ ಬೀಳುತ್ತೇನೆಂದು ಒಂದೊಂದೇ ಎಲೆ ಕಿತ್ತು ಕೆಳಗೆ ಹಾಕುತ್ತಾನೆ, ಕೆಳಗೆ ಲಿಂಗವಿರುತ್ತದೆ, ಗೊತ್ತಿಲ್ಲದೆ ಪೂಜೆಯಾಗುತ್ತದೆ. ನಾನು ಇಗರ್ಜಿಗೆ ಹೋಗುವವನಾದರೂ ಆ ಬೇಡನ ಮೇಲೆ ನನಗೆ ಚಿಕ್ಕಂದಿನಿಂದ ಪ್ರೀತಿ. ಈಗ ಯೋಚಿಸಿದರೆ, ಅವನ ಹತ್ತಿರ ಈ ಜೋಲಿ ಇದ್ದಿದ್ದರೆ ಕಥೆ ಕೆಟ್ಟೇ ಹೋಗುತ್ತಿತ್ತು. ಸುಖವಾಗಿ ಜೋತುಬಿದ್ದು ಗೊರಕೆ ಹೊಡೆಯುತ್ತಿದ್ದ. ಎಲೆಯೂ ಇಲ್ಲ, ಪುಣ್ಯವೂ ಇಲ್ಲ. ಸಾಮಾನು ಒಳ್ಳೆಯದಾದಷ್ಟೂ ದೇವರಿಗೆ ಕೆಲಸ ಕಡಿಮೆಯಾಗುತ್ತದೆ. ತೆಂಗಿನ ಮರ ಏರುವವರ ಕಾಲಿನ ತಳೆಯನ್ನೂ ನೆನೆದೆ, ಹಸುಗೂಸನ್ನು ಅಮ್ಮನ ಸೀರೆಯಲ್ಲಿ ತೂಗುವುದನ್ನೂ ನೆನೆದೆ. ಮನುಷ್ಯ ಕೂರುವುದನ್ನು ಕಲಿಯುವ ಮೊದಲೇ ತೂಗುವುದನ್ನು ಕಲಿತಿದ್ದಾನೆ. ಕುರ್ಚಿ ಆಮೇಲೆ ಬಂದ ಚಾಳಿ.

ಇಷ್ಟೆಲ್ಲ ನೆನೆದರೂ ಜೋಲಿ ನಮ್ಮ ಮನೆಯ ಮೊಳೆಯಲ್ಲೇ ಇತ್ತು. ಈ ಮರಳುಗಾಡಿನಲ್ಲಿ ಅದನ್ನು ಕೊಳ್ಳುವ ಗಿರಾಕಿ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಮರದ ಸುದ್ದಿ ಬಂತು. ನಮ್ಮದು ಎರಡಂತಸ್ತಿನ ಹಳೇ ಕಟ್ಟಡ. ಅಂಗಳದಲ್ಲಿ ಒಂದೇ ಒಂದು ಖರ್ಜೂರದ ಮರ, ಮೇಲಂತಸ್ತಿನ ಕಿಟಕಿಯಷ್ಟು ಎತ್ತರ. ಅದರ ನೆರಳಿನಲ್ಲಿ ಲಿಲ್ಲಿ ಬಸಳೆಯ ಚಪ್ಪರ ಹಾಕಿದ್ದಾಳೆ. ಊರಿಂದ ಸೂಟ್‌ಕೇಸಿನಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಳ್ಳಿಯ ತುಂಡು ಈಗ ಇಡೀ ಕಟ್ಟಡಕ್ಕೆ ಸಾರು ಉಣಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಆ ನೆರಳಿಲ್ಲದಿದ್ದರೆ ಬಸಳೆ ಎರಡು ದಿನದಲ್ಲಿ ಹಪ್ಪಳ. ಪ್ರತಿ ವರ್ಷ ಗೊನೆ ಕೊಯ್ದು ಗರಿ ಸವರಲು ತೋಟದಿಂದ ಒಬ್ಬ ಬರುತ್ತಿದ್ದ. ಈ ವರ್ಷ ಬರಲಿಲ್ಲ. ಹಣ್ಣು ಕಳಿತು ಉದುರಿ ಅಂಗಳವೆಲ್ಲ ಅಂಟು, ನೊಣ. ಕಾರಿನ ಗಾಜು ಅಂಟಾಯಿತೆಂದು ಬಾಡಿಗೆದಾರರೊಬ್ಬರು ದೂರಿದರು. ಮಾಲೀಕರು ಅಬು ಜಾಸಿಮ್ ಎಂಬ ಕತಾರಿ ಅಜ್ಜ, ಕಡಿಮೆ ಮಾತಿನವರು. "ಶುಕ್ರವಾರ ಬಂದು ನೋಡುತ್ತೇನೆ. ಹೀಗೇ ಇದ್ದರೆ ಶನಿವಾರ ಕಡಿಸುತ್ತೇನೆ" ಎಂದು ಹೇಳಿಕಳಿಸಿದರು.

ಲಿಲ್ಲಿ ಚಪ್ಪರದ ಕೆಳಗೆ ಹೋಗಿ, ಒಣಗದೇ ಇದ್ದ ಬಳ್ಳಿಗೆ ಮತ್ತೊಮ್ಮೆ ನೀರು ಹಾಕಿದಳು. ಪ್ಯಾರಾಶೂಟಿನ ಮಾತೂ ಬರಲಿಲ್ಲ. ತಮಾಷೆ ನಿಂತ ಮನೆಯಲ್ಲಿ ಕೂರುವುದು ನನಗೆ ಆಗದ ಕೆಲಸ. "ನಾನೇ ಹತ್ತುತ್ತೇನೆ" ಎಂದೆ.

ಎರಡು ಸಂಜೆ ಕಾಂಡದ ಬುಡದಲ್ಲೇ, ನೆಲದಿಂದ ಮೊಳದೆತ್ತರದಲ್ಲಿ ಜೋತಾಡಿ ಅಭ್ಯಾಸ ಮಾಡಿದೆ. ಮೇಲಂತಸ್ತಿನ ಹಮೀದಾಕ, ಉಪ್ಪಿನಂಗಡಿಯವರು, ಬಾಲ್ಕನಿಯಿಂದ ಚಹಾ ಕುಡಿಯುತ್ತ ನೋಡಿದರು. ಊರಿನ ಕಡೆ ಕ್ರೈಸ್ತರನ್ನು ಕರೆಯುವಂತೆ ನನ್ನನ್ನು ಪೊರ್ಬುಗಳು ಎಂದೇ ಕರೆಯುವವರು ಅವರು. "ಪೊರ್ಬುಗಳೇ, ಹತ್ತುವುದು ಸುಲಭ ಉಂಟು. ಇಳಿಸ್ಲಿಕ್ಕೆ ಕ್ರೇನಿಗೆ ಈಗಲೇ ಫೋನ್ ಮಾಡಿ ಇಡ್ಲಾ?" ಹಾಗೆ ಹೇಳಿದವರೇ ಶುಕ್ರವಾರ ಬೆಳಗಿನ ನಮಾಜು ಮುಗಿಸಿ ಬಂದು, ಗೊನೆ ಬೀಳಿಸಲು ಹಳೇ ಬೆಡ್‌ಶೀಟ್ ಹಿಡಿದು ಕೆಳಗೆ ನಿಂತರು.

ಹತ್ತಿದೆ! ಹಳೇ ಗರಿಗಳ ಬುಡವೇ ಮೆಟ್ಟಿಲು, ಸೊಂಟದ ಹಗ್ಗವೇ ರಕ್ಷೆ. ಹಗ್ಗ ಮೇಲೆ ಸರಿಸು, ಕಾಲು ಇಡು, ಮತ್ತೆ ಸರಿಸು. ಗೊನೆಗಳ ಕೆಳಗೆ ತಲುಪಿ, ಎರಡನೇ ಹಗ್ಗ ಕಟ್ಟಿ, ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದೆ. ಜೋಲಿ ಹಿಡಿಯಿತು. ಕಣ್ಣು ತೆರೆದರೆ ಬಿನ್ ಮಹಮೂದಿನ ತಾರಸಿಗಳೆಲ್ಲ ನನಗಿಂತ ಸ್ವಲ್ಪ ಮೇಲೆ, ನೀರಿನ ಟ್ಯಾಂಕುಗಳು, ಡಿಶ್‌ಗಳು, ಒಣಗಿಸಿದ ಬಟ್ಟೆಗಳು, ಮತ್ತು ಮುಖದ ಮುಂದೆ ಜೇನಿನಂತೆ ತೂಗುವ ಖರ್ಜೂರ. ಒಂದು ಬಾಯಿಗೆ ಹಾಕಿಕೊಂಡೆ. ಇಷ್ಟು ವರ್ಷ ನೆಲದ ಮೇಲೆ ನಡೆಯುತ್ತ ಎಷ್ಟೊಂದು ಕಳೆದುಕೊಂಡೆನಲ್ಲ ಎನ್ನಿಸಿತು. ಕತ್ತಿ ಆಡಿಸಿದೆ. ಒಂದು ಗೊನೆ, ಇನ್ನೊಂದು ಗೊನೆ. ಹಮೀದಾಕನ ಬೆಡ್‌ಶೀಟು ಧೊಪ್ಪನೆ ತುಂಬಿತು.

ಆಗ ಕಾಲು ಜೋಮು ಹಿಡಿಯಿತು. ಪಟ್ಟಿಯನ್ನು ತೊಡೆಯ ಕೆಳಗೆ ಇಳಿಸಿ ಕೂರಬೇಕಿತ್ತು, ನಾನು ಸೊಂಟದಲ್ಲೇ ಬಿಗಿದಿದ್ದೆ. ಏರಲೂ ಆಗದು, ಇಳಿಯಲೂ ಆಗದು. ಸರಿಯಾಗಿ ಅದೇ ಹೊತ್ತಿಗೆ ಅಬು ಜಾಸಿಮ್ ಅಂಗಳಕ್ಕೆ ಬಂದು ಕತ್ತೆತ್ತಿದರು. ಅರಬ್ಬಿ ಬೆರೆತ ಹಿಂದಿಯಲ್ಲಿ ಹಮೀದಾಕನನ್ನು ಕೇಳಿದರು: "ಮೇಲಿರುವುದು ಕೋತಿಯಾ, ಬಾಡಿಗೆದಾರನಾ?"

"ಬಾಡಿಗೆದಾರ, ಬಾಬಾ" ಎಂದು ನಾನೇ ಮೇಲಿಂದ ಉತ್ತರಿಸಿದೆ.

ಅವರು ಬೈಯಲಿಲ್ಲ. ಮರದ ಸುತ್ತ ಒಂದು ಸುತ್ತು ಬಂದರು, ನನ್ನ ಸೊಂಟವನ್ನೇ ನೋಡಿದರು. "ಅದನ್ನು ಯಾರು ಕೊಟ್ಟರು?"

"ಒಬ್ಬ ಅಮೆರಿಕದವನು, ಬಾಬಾ."

"ಅಮೆರಿಕದವನು!" ಅಜ್ಜ ನಕ್ಕ ಸದ್ದು ಮೊದಲ ಬಾರಿ ಕೇಳಿದೆ. "ಮರ ಹತ್ತುವಾಗ ನನ್ನ ಅಪ್ಪನ ಬೆನ್ನಿಗೆ ಇದೇ ಇತ್ತು. ಖರ್ಜೂರದ ನಾರಿನದು. ಬಣ್ಣ ಮಾತ್ರ ಬೇರೆ." ಕೈಬೆರಳು ಕಾಂಡದ ಮೇಲೆ ಓಡಿತು. "ಮೊಮ್ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಕೊಡು. ಐನೂರು."

ಈಗ ನನ್ನ ಸ್ಥಿತಿ ಯೋಚಿಸಿ. ಚೌಕಾಸಿಯಲ್ಲಿ ನನ್ನ ಒಂದೇ ಆಯುಧ ಎದ್ದು ಹೊರಡುವುದು. ಎದ್ದು ಬಾಗಿಲವರೆಗೆ ಹೋದರೆ ಬೆಲೆ ತಾನಾಗಿ ಕರೆಯುತ್ತದೆ. ಇಲ್ಲಿ ಏಳುವುದಿರಲಿ, ಕಾಲು ಎಲ್ಲಿದೆಯೆಂದೇ ತಿಳಿಯುತ್ತಿಲ್ಲ. ಬಾಯಿ ಬಿಟ್ಟರೆ ನರಳಿಕೆ ಬರುತ್ತಿತ್ತು, ಅದಕ್ಕೆ ಸುಮ್ಮನಿದ್ದೆ. ಅಜ್ಜ ಅದನ್ನು ಗಟ್ಟಿತನ ಎಂದುಕೊಂಡರು. "ಎಂಟುನೂರು." ಇನ್ನೂ ಸುಮ್ಮನಿದ್ದೆ. "ಸಾವಿರ, ಖಲಾಸ್!"

ನನ್ನೊಳಗಿನ ವ್ಯಾಪಾರಿ ಕುಣಿದಾಡಿದ. ಕೆಳಗೆ ನೋಡಿದೆ. ಲಿಲ್ಲಿ ಚಪ್ಪರದ ಪಕ್ಕ ನಿಂತಿದ್ದಳು, ಕೈಯಲ್ಲಿ ನೀರಿನ ಚೊಂಬು. ನನ್ನತ್ತ ನೋಡುತ್ತಿರಲಿಲ್ಲ, ಅಜ್ಜ ತಟ್ಟುತ್ತಿದ್ದ ಕಾಂಡವನ್ನೇ ನೋಡುತ್ತಿದ್ದಳು.

"ರಿಯಾಲ್ ಮಾಫಿ, ಬಾಬಾ, ದುಡ್ಡು ಬೇಡ. ಮರ ಬೇಕು."

"ಮರ ನನ್ನದು."

"ನಿಮ್ಮದೇ. ಕಡಿಯಬೇಡಿ. ಜೋಲಿ ತಗೊಳ್ಳಿ."

ಅಬು ಜಾಸಿಮ್ ಗಡ್ಡ ಸವರಿಕೊಂಡರು. ಆ ಸವರುವಿಕೆ ನನಗೆ ಚೆನ್ನಾಗಿ ಗೊತ್ತು, ಅಂಗಡಿಯಲ್ಲಿ ನಾನೂ ಹೀಗೇ ಸವರುತ್ತೇನೆ. ನಿಧಾನವಾಗಿ ಷರತ್ತು ಬಂತು: ಜೋಲಿ ಅವರ ಮಜ್ಲಿಸಿನಲ್ಲಿ, ಅತಿಥಿಗಳು ಕೂರುವ ಕೋಣೆಯ ಗೋಡೆಯಲ್ಲಿ ಇರುತ್ತದೆ. ಪ್ರತಿ ವರ್ಷ ಹಣ್ಣು ಕಳಿಯುವಾಗ ನಾನು ಹೋಗಿ ಕಾಫಿ ಕುಡಿದು, ಕೇಳಿ ತರಬೇಕು. ನಾನೇ ಹತ್ತಬೇಕು, ನಾನೇ ಸವರಬೇಕು. ಅರ್ಧ ಹಣ್ಣು ಅವರದು. ಕೊಯ್ಯುವ ದಿನ ಮೊಮ್ಮಕ್ಕಳು ನೋಡಲು ಬರುತ್ತಾರೆ.

ಅಂದರೆ ಸಾಮಾನು ಹೋಯಿತು, ದುಡ್ಡು ಬರಲಿಲ್ಲ, ಮೇಲಿಂದ ಜೀವಮಾನದ ಬಿಟ್ಟಿ ಚಾಕರಿ! ಇಷ್ಟು ಸೊಗಸಾಗಿ ನನ್ನನ್ನು ಯಾರೂ ಬೋಳಿಸಿರಲಿಲ್ಲ. "ಖಲಾಸ್" ಎಂದೆ, ಮರದ ಮೇಲಿಂದಲೇ.

ಆಮೇಲೆ ಅಜ್ಜನೇ ಕೆಳಗಿನಿಂದ ಕೂಗಿ ಇಳಿಸಿದರು: "ಹಗ್ಗದ ಮೇಲೆ ಭಾರ ಬಿಡು, ಮೊಣಕಾಲು ಮರಕ್ಕೆ ಒತ್ತು, ಪಟ್ಟಿ ಕೆಳಗೆ ಎಳೆ. ಯಲ್ಲಾ, ಇಳಿ!" ನೆಲ ಮುಟ್ಟಿದಾಗ ಹಮೀದಾಕ ನನ್ನ ಕಿವಿಯಲ್ಲಿ, "ಸಾವಿರ ಬಿಟ್ರಲ್ಲ ಪೊರ್ಬುಗಳೇ, ಬಿಸಿಲು ತಲೆಗೆ ಹತ್ತಿತಾ?" ಎಂದರು. ಆ ಮಧ್ಯಾಹ್ನ ಅವರ ಮನೆಗೂ ಬಸಳೆ ಹೋಯಿತು, ಒಣಸಿಗಡಿ ಹಾಕಿದ್ದು. ಸಂಜೆ ಪಾತ್ರೆ ಹಿಂತಿರುಗಿಸುವಾಗ ವ್ಯಾಪಾರ ಲಾಭದ್ದೇ ಎಂದು ಒಪ್ಪಿಕೊಂಡರು.

ಲಿಲ್ಲಿ ಮಾತ್ರ ಊಟ ಬಡಿಸುತ್ತ ಇಷ್ಟೇ ಹೇಳಿದಳು: "ಮೇಜು ಬಾಕಿ ಉಂಟು."

ನಿಮಗೂ ಇಂಥದ್ದೊಂದು ಸಿಕ್ಕಿದರೆ, ಬೇಟೆಗಾಗಲಿ ಬಸಳೆಗಾಗಲಿ, ನನ್ನ ಮಾತು ಕೇಳಿ. ಜೋಲಿ ಹಳೆಯದು ಕೊಂಡರೂ ನಡೆದೀತು, ಹಗ್ಗ ಮಾತ್ರ ಹೊಸದೇ ಕೊಳ್ಳಿ. ಅಲ್ಲಿ ಚೌಕಾಸಿ ಬೇಡ. ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಎಳೆ ಎದ್ದಿದ್ದರೂ ನಮಸ್ಕಾರ ಹೇಳಿ ಬನ್ನಿ. ಮೊದಲ ವಾರ ಬಿದ್ದರೂ ನಗು ಮಾತ್ರ ಬರುವಷ್ಟು ಎತ್ತರದಲ್ಲಿ ತೂಗಿ. ನೆಲ ಬಿಟ್ಟ ಗಳಿಗೆಯಿಂದ ನೆಲ ಮುಟ್ಟುವವರೆಗೆ ಒಂದಾದರೂ ಹಗ್ಗ ಮರಕ್ಕಿರಲಿ. ಪಟ್ಟಿ ತೊಡೆಯ ಕೆಳಗೆ ಬರಲಿ, ಇದನ್ನು ನನ್ನ ಕಾಲುಗಳ ಪರವಾಗಿ ಹೇಳುತ್ತಿದ್ದೇನೆ. ಒಬ್ಬರೇ ಹತ್ತಬೇಡಿ, ಕೆಳಗೆ ಗೇಲಿ ಮಾಡುವ ಒಬ್ಬ ನೆರೆಯವರಿರಬೇಕು, ಗೇಲಿ ಮಾಡುವವರು ಕಣ್ಣು ತೆಗೆಯುವುದಿಲ್ಲ.

ಇನ್ನು ಚೌಕಾಸಿಗೆ. ಎದ್ದು ಹೊರಡುವುದು ಒಳ್ಳೆಯ ಉಪಾಯ, ಅಂಗಡಿಯಲ್ಲಿ ಅದನ್ನು ಬಿಡಬೇಡಿ. ಆದರೆ ನಿಮಗೆ ನಿಜವಾಗಿ ಬೇಕಾದದ್ದಿದ್ದರೆ, ಅದಕ್ಕೇ ಹಗ್ಗ ಕಟ್ಟಿ ಜೋತುಬೀಳಿ.