ಇಗರ್ಜಿಯ ಗೋಡೆ ಒಣಗಿದ ಮಳೆಗಾಲ

ಗೋಡೆಯೂ ಬೆವರುತ್ತದೆ ಎಂದು ನನಗೆ ಗೊತ್ತಾದದ್ದು ಕಾಸರಗೋಡಿನ ಕಡೆ ಬಂದ ಮೇಲೆ. ಹಳೆಯ ಇಗರ್ಜಿಯ ಒಳಗೆ ಗೋಡೆ ಮುಟ್ಟಿದೆ, ಅಂಗೈ ಒದ್ದೆ. ಹೊರಗೆ ಮಳೆಯೂ ಇಲ್ಲ, ಬರೀ ಮೋಡ. ಯವ್ವಾ, ಇದೆಂಥಾ ಊರು! ವಿಜಯಪುರದ ನಮ್ಮ ಮನೆಯಲ್ಲಿ ಈ ಹೊತ್ತಿಗೆ ಗೋಡೆಗೆ ಒರಗಿದರೆ ಬೆನ್ನು ಸುಡುತ್ತದೆ.

ಇಗರ್ಜಿ ಎಂದರೆ ಇಲ್ಲಿನ ಕೊಂಕಣಿ ಕ್ರೈಸ್ತರ ಮಾತಿನಲ್ಲಿ ಚರ್ಚು. ಅದರ ಜೀರ್ಣೋದ್ಧಾರ ವರ್ಷಗಳಿಂದ ನಡೆದಿದೆ. ಛಾವಣಿಯ ಕೆಲಸ ಮುಗಿದಿತ್ತು. ಗೋಡೆಗೆ ಸುಣ್ಣದ ಗಾರೆ ಮಾಡಲು ನನ್ನನ್ನು ಕರೆಸಿದರು. ಇಗರ್ಜಿ ಸಮಿತಿಯ ಅರ್ಧ ಜನಕ್ಕೆ ಗಾರೆಯ ಮೇಲೆ ನಂಬಿಕೆಯಿಲ್ಲ. ಬಲಿಪೀಠದ ಹಿಂದಿನ ಗೋಡೆ ಮಾಡಿ ತೋರಿಸಿ, ಸೆಪ್ಟೆಂಬರಿನ ಮೊಂತಿ ಹಬ್ಬದವರೆಗೆ ನಿಂತರೆ ಮುಂದುವರಿಸೋಣ, ಉದುರಿದರೆ ಎಲ್ಲ ಕೆಡವಿ ಕಾಂಕ್ರೀಟಿನದ್ದು ಕಟ್ಟುತ್ತೇವೆ ಎಂದರು.

ನನಗೆ ಕೋಣೆ ಕೊಟ್ಟವರು ಬಟ್ಟೆ ಹೊಲಿಯುವ ಸಿಸಿಲಿಯಾ ಬಾಯಿ. ಹಿರಿಯ ಹೆಂಗಸರನ್ನು ಇವರು ಬಾಯಿ ಎಂದೇ ಕರೆಯುವುದು. "ನನ್ನ ಮದುವೆ, ಮಕ್ಕಳ ಜ್ಞಾನಸ್ನಾನ, ಅಮ್ಮನ ಕಡೆಯ ಪೂಜೆ, ಎಲ್ಲ ಆ ಗೋಡೆಯ ಎದುರೇ ಆದದ್ದು. ಅದು ಹೋದರೆ ನನಗೆ ಎಂತ ಉಂಟು ಮಾರಾಯ್ತಿ?" ಎಂದು ಮೊದಲ ದಿನವೇ ಕಣ್ಣೊರೆಸಿಕೊಂಡರು.

ಊಟದ್ದು ಬೇರೆ ಫಜೀತಿ. ನಾವು ಮೀನು ಮುಟ್ಟದವರು. ಬಾಯಿ ನನಗೆಂದೇ ಬೇರೆ ಪಾತ್ರೆ ಇಟ್ಟು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಬಡಿಸುತ್ತಿದ್ದರು. ರೊಟ್ಟಿಯ ಹಿಟ್ಟು ಹುಡುಕಲು ಬದಿಯಡ್ಕಕ್ಕೆ ಹೊರಟರೆ, ಬಸ್ಸಿನ ಮಲಯಾಳಂ ಬೋರ್ಡು ಓದಲು ಬಾರದೆ ಮುಳ್ಳೇರಿಯದಲ್ಲಿ ಇಳಿದೆ. ಅಲ್ಲೂ ಜೋಳದ ಹಿಟ್ಟು ಸಿಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ.

ಗಾರೆಯೇನೋ ಚೆನ್ನಾಗಿ ಬಂತು. ನಮ್ಮ ಕಡೆ ಹೊಸ ಗಾರೆ ಬಿಸಿಲಿಗೆ ಬಿರುಕು ಬಿಡಬಾರದೆಂದು ಒದ್ದೆ ಗೋಣಿತಟ್ಟು ಹೊದಿಸಿ, ಕಿಟಕಿ ಮುಚ್ಚುತ್ತೇವೆ. ಇಲ್ಲೂ ಹಾಗೇ ಮಾಡಿದೆ. ಮಳೆ ಹಿಡಿದ ಮೇಲೂ ಅದನ್ನೇ ನಡೆಸಿದೆ. ಮಧ್ಯಾಹ್ನದ ಬುತ್ತಿ ತಂದ ಬಾಯಿ ಬಾಗಿಲಲ್ಲೇ ನಿಂತು ನಗತೊಡಗಿದರು.

"ನಾಲ್ಕು ದಿನ ಆದರೂ ನನ್ನ ಸೀರೆ ಒಣಗಲಿಲ್ಲ. ನೀನು ಗೋಡೆಗೆ ಒದ್ದೆ ಗೋಣಿ ಹೊದಿಸಿದ್ದೀಯಲ್ಲ, ಅದಕ್ಕೆ ಚಳಿಯಾ?"

ಮೈಯೆಲ್ಲ ಉರಿಯಿತು. ಸಿಟ್ಟಿನಲ್ಲೇ ತಟ್ಟು ಎತ್ತಿ ನೋಡಿದರೆ ಒಳಗೆ ಕಪ್ಪು ಬೂಷ್ಟು. ಉಗುರು ಒತ್ತಿದರೆ ಗಾರೆಯೊಳಗೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ತಟ್ಟುಗಳನ್ನು ಕಿತ್ತೆಸೆದೆ, ಬೂಷ್ಟು ಒರೆಸಿದೆ, ಕಿಟಕಿ ಬಾಗಿಲೆಲ್ಲ ತೆರೆದೆ. ಬಾಯಿ ನಗುವುದನ್ನು ಬಿಟ್ಟು ಮನೆಮನೆಗೆ ಓಡಿದರು. ಸಂಜೆಯ ಹೊತ್ತಿಗೆ ಇಗರ್ಜಿಯ ತುಂಬ ಬೇರೆಬೇರೆ ಮನೆಗಳ ಟೇಬಲ್ ಫ್ಯಾನುಗಳು. ಮಳೆಗಾಲವಿಡೀ ಅವು ತಿರುಗಿದವು, ಆ ಮನೆಗಳ ಮಕ್ಕಳು ಸೆಕೆಯಲ್ಲಿ ಮಲಗಿದರು. ಯಾರೂ ಫ್ಯಾನು ವಾಪಸು ಕೇಳಲಿಲ್ಲ.

ಮೊಂತಿ ಹಬ್ಬ ಮಾತೆ ಮರಿಯಮ್ಮನ ಹುಟ್ಟುಹಬ್ಬ. ಹೊಸ ತೆನೆಯನ್ನು ಆಶೀರ್ವದಿಸುವ ದಿನ. ಪೂಜೆ ಮುಗಿಸಿದ ಫಾದರ್ ಎಲ್ಲರೆದುರು ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು. ಟಕ್ ಟಕ್.

"ಗಟ್ಟಿ ಉಂಟು. ಉಳಿದದ್ದೂ ಶುರು ಮಾಡಿ."

ಅಬ್ಬಾ! ಬಾಯಿ ಅಳುತ್ತ, ನಗುತ್ತ ನನ್ನ ಕೆನ್ನೆ ಹಿಂಡಿದರು.

ಆ ದಿನ ಅವರ ಮನೆಗಳಲ್ಲಿ ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ. ಮೊದಲ ಸಲ ಎಲ್ಲರ ಪಾತ್ರೆಯದ್ದೇ ನನ್ನ ಎಲೆಗೂ ಬಂತು. ಹೊಸ ಭತ್ತದ ಅಕ್ಕಿಗೆ ಇಲ್ಲಿ ನೊವೆಂ ಎನ್ನುತ್ತಾರೆ. ಮನೆಯಲ್ಲಿದ್ದವರಿಗೆ ಅದನ್ನು ಹಾಲಿನಲ್ಲಿ ಬೆರೆಸಿ ಕೊಡುತ್ತಾರೆ, ದೂರ ಇರುವವರಿಗೆ ಲಕೋಟೆಯಲ್ಲಿ ಅಂಚೆಗೆ ಹಾಕುತ್ತಾರೆ. ನಾನು ಹಾಲು ಕುಡಿದೆ. ಬಾಯಿ ಕುವೈತಿನ ತಂಗಿಗೆ ಒಂದು ಲಕೋಟೆ ಕಟ್ಟಿ, ಇನ್ನೊಂದಕ್ಕೆ ಕಾಳು ತುಂಬಿ ನಮ್ಮ ಮನೆಯ ವಿಳಾಸ ಕೇಳಿದರು. ಬರೆಸಿದೆ.

ವಾರದ ಮೇಲೆ ಅವ್ವ ಫೋನು ಮಾಡಿದಳು. "ನಾಕು ಕಾಳು ಬಂದಾವಲ್ಲ, ಬಿತ್ತೂದೇನು, ತಿನ್ನೂದೇನು?"

"ತಿನ್ನವ್ವ. ದೂರ ಇರೋ ಮನಿ ಮಂದಿಗೆ ಕಳಸ್ತಾರ" ಎಂದೆ.

ಅವ್ವ ಕೇಳಿದಳು, "ದೂರ ಇರೋದು ನಾನೇನು?"